ಜರ್ಮನಿಯ ಸಣ್ಣ ಊರಲ್ಲಿ ನಮ್ಮ ಕಡೆ ದಿನಸಿ: ಐದು ಕೆಜಿಯಲ್ಲಿ ಏನು ತರಿಸಲಿ?

ತಿಳಿಸಾರು:

ಅಣ್ಣಂದಿರೇ, ಅಕ್ಕಂದಿರೇ, ಸ್ವಲ್ಪ ದಾರಿ ತೋರಿಸಿ. ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಬಂದಿದ್ದೇನೆ. ಊರು ಮಿಟ್ವೈಡಾ, ಸ್ಯಾಕ್ಸನಿಯಲ್ಲಿ ಕೆಮ್ನಿಟ್ಸ್ ಹತ್ತಿರ. ಕಾಲೇಜು ಚೆನ್ನಾಗಿದೆ, ರೂಮೂ ಸಿಕ್ಕಿದೆ, ಊಟದ್ದೇ ಗೋಳು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ. ಇಲ್ಲಿ ಸೂಪರ್ ಮಾರ್ಕೆಟ್‌ಗೆ ಹೋದರೆ ಪೊಟ್ಟಣದ ಹಿಂದಿನ ಜರ್ಮನ್ ಓದಿ ಓದಿ ಸಾಕಾಗಿ, ಕೊನೆಗೆ ಬ್ರೆಡ್ಡು, ಬಾಳೆಹಣ್ಣು, ಆಲೂಗಡ್ಡೆ ಹಿಡಿದುಕೊಂಡು ವಾಪಸ್ ಬರುತ್ತೇನೆ. ಊರಿಂದ ತಂದ ಸಾರಿನ ಪುಡಿ ಡಬ್ಬದ ತಳ ಮುಟ್ಟಿದೆ.

ವಿಷಯ ಏನಂದ್ರೆ, ಡಿಸೆಂಬರ್‌ನಲ್ಲಿ ಗೆಳೆಯನೊಬ್ಬ ಬೆಂಗಳೂರಿಂದ ದುಬೈ ಮೇಲೆ ಬರುತ್ತಿದ್ದಾನೆ. ತನ್ನ ಲಗೇಜಿನಲ್ಲಿ ನನಗೆ ಅಂತ ಐದು ಕೆಜಿ ಜಾಗ ಬಿಡುತ್ತಾನಂತೆ. ಅಮ್ಮ ಆಗಲೇ ಪಟ್ಟಿ ಬರೆದಾಗಿದೆ: ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಒಂದು ಡಬ್ಬ ತುಪ್ಪ, ಕೊಬ್ಬರಿ ಗಿಟುಕು, ಗಸಗಸೆ, ತೊಳೆದು ಆರಿಸಿದ ಕರಿಬೇವು, ತೊಗರಿಬೇಳೆ, ಉದ್ದಿನಬೇಳೆ, ಹೆಸರುಬೇಳೆ, ಹುರಿಗಡಲೆ, ಶಾವಿಗೆ, ಹುಣಸೆಹಣ್ಣು, ಸೋನಾ ಮಸೂರಿ. ಇದೆಲ್ಲ ಸೇರಿದರೆ ಐದು ಕೆಜಿ ಎಲ್ಲಿ ಸಾಲುತ್ತೆ, ಅವನು ಬಟ್ಟೆನೇ ತರೋ ಹಾಗಿಲ್ಲ. ಯಾವುದನ್ನು ತರಿಸಲಿ, ಯಾವುದು ಇಲ್ಲೇ ಸಿಗುತ್ತದೆ, ಎಲ್ಲಿ ಹುಡುಕಲಿ? ಅಡುಗೆ ಸುಮಾರಾಗಿ ಬರುತ್ತದೆ. ಅನ್ನ, ಸಾರು, ಪಲ್ಯ ಮಾಡಿಕೊಳ್ಳುತ್ತೇನೆ.


ಫ್ರಾಂಕ್‌ಫರ್ಟ್ ಮಾವ:

ತಮ್ಮಾ, ಮೊದಲು ಅಮ್ಮನಿಗೆ ಫೋನ್ ಮಾಡಿ ಪಟ್ಟಿ ಅರ್ಧ ಮಾಡಿಸು. ಅದರಲ್ಲಿ ನಾಲ್ಕು ಐಟಂ ಬರೋ ಹಾಗೇ ಇಲ್ಲ.

ತುಪ್ಪ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥ ಲಗೇಜಿನಲ್ಲಿ ತರುವಂತಿಲ್ಲ. ದನಕರುಗಳ ರೋಗ ಒಳಗೆ ಬರಬಾರದು ಅಂತ ಈ ಕಾನೂನು. ಹಾಲು, ಬೆಣ್ಣೆ, ತುಪ್ಪ, ಖೋವಾ ಎಲ್ಲ ಇದರಲ್ಲಿ ಬರುತ್ತದೆ. ಮನೆಯಲ್ಲಿ ಕಾಯಿಸಿದ್ದು, ಒಂದೇ ಡಬ್ಬ, ಅಂತೆಲ್ಲ ಕಸ್ಟಮ್ಸ್‌ನವರ ಹತ್ತಿರ ನಡೆಯಲ್ಲ. ಹಿಡಿದರೆ ತೆಗೆದು ಬಿಸಾಕುತ್ತಾರೆ. ಇಷ್ಟಕ್ಕೂ ಇಲ್ಲಿ ಯಾವ ಅಂಗಡಿಗೆ ಹೋದರೂ ಒಳ್ಳೆ ಬೆಣ್ಣೆ ಸಿಗುತ್ತದೆ, ಉಪ್ಪು ಹಾಕದ್ದು. ಕಾಯಿಸಿಕೋ. ಸೋಮಾರಿತನ ಬಂದರೆ ಬುಟರ್‌ಶ್ಮಾಲ್ಟ್ಸ್ ಅಂತ ಡಬ್ಬ ಇರುತ್ತದೆ, ಅದು ಕಾಯಿಸಿ ಸೋಸಿದ ಬೆಣ್ಣೆಯೇ. ಪರಿಮಳ ನಮ್ಮ ತುಪ್ಪದಷ್ಟಿಲ್ಲ, ಒಗ್ಗರಣೆಗೆ ಏನೂ ತೊಂದರೆ ಇಲ್ಲ. ಆದರೆ ಪಕ್ಕದಲ್ಲೇ ಶ್ವೈನೆಶ್ಮಾಲ್ಟ್ಸ್ ಇಟ್ಟಿರುತ್ತಾರೆ, ಅದು ಹಂದಿ ಕೊಬ್ಬು. ಪೂರ್ತಿ ಹೆಸರು ಓದದೆ ಎತ್ತಿಕೊಳ್ಳಬೇಡ.

ಕರಿಬೇವು. 2019ರ ಡಿಸೆಂಬರ್ 14ರಿಂದ ಹಸಿ ಹಣ್ಣು, ತರಕಾರಿ, ಸೊಪ್ಪು, ಗಿಡ, ಬೀಜ ಯಾವುದೇ ತಂದರೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಿಟ್ಟಿರುವುದು ಐದೇ ಹಣ್ಣು: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್. ಕರಿಬೇವಿನ ಗಿಡ ನಿಂಬೆ ಜಾತಿಗೆ ಸೇರಿದ್ದು, ಇಲ್ಲಿ ಸ್ಪೇನ್, ಇಟಲಿ ಕಡೆ ಕಿತ್ತಳೆ ನಿಂಬೆ ತೋಟ ಬೇಕಾದಷ್ಟಿವೆ, ಹಾಗಾಗಿ ಆ ಕೀಟಗಳ ಬಗ್ಗೆ ಇವರಿಗೆ ಭಯ ಜಾಸ್ತಿ. ಅದನ್ನು ಮರೆತುಬಿಡು.

ಕೊಬ್ಬರಿ ಗಿಟುಕು. ಇದು ಬೆಂಗಳೂರಲ್ಲೇ ನಿಲ್ಲುತ್ತದೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯದ ಸಾಮಾನು ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಏರ್‌ಪೋರ್ಟ್‌ಗಳಲ್ಲಿ ಚೆಕ್-ಇನ್ ಬ್ಯಾಗಿನ ಎಕ್ಸ್‌ರೇನಲ್ಲಿ ಗಿಟುಕು ಗುಂಡಗೆ ಕಂಡರೆ ನಿನ್ನ ಗೆಳೆಯನನ್ನು ಕರೆದು ಬ್ಯಾಗ್ ಬಿಚ್ಚಿಸುತ್ತಾರೆ. ಪಾಪ, ಹುಡುಗ ಗೇಟ್‌ಗೆ ಓಡಬೇಕಾದ ಹೊತ್ತಲ್ಲಿ ಅದು ಬೇಕಾ?

ಗಸಗಸೆ. ದುಬೈ ಮೇಲೆ ಬರುವವರು ಇದನ್ನು ಮುಟ್ಟಲೇಬಾರದು. ಯುಎಇಯಲ್ಲಿ ಗಸಗಸೆ ನಿಷಿದ್ಧ, ಅಫೀಮಿನ ಗಿಡದ ಬೀಜ ಅಂತ. ಇದರಿಂದ ಜನ ಜೈಲಿಗೆ ಹೋದದ್ದೂ ಇದೆ. ತಮಾಷೆ ಅಂದ್ರೆ ಜರ್ಮನಿಯಲ್ಲಿ ಇದು ಕೇಕಿಗೆ ಹಾಕೋ ಮಾಮೂಲಿ ಸಾಮಾನು. ಮೋನ್ ಅಂತ ಬರೆದಿರುತ್ತದೆ, ಬೇಕಿಂಗ್ ಸಾಮಾನಿನ ಸಾಲಿನಲ್ಲಿ ನೋಡು. ಬಣ್ಣ ನೀಲಿ ಬೂದಿ. ಪಾಯಸ ಬೂದಿ ಬಣ್ಣಕ್ಕೆ ತಿರುಗುತ್ತದೆ, ರುಚಿ ಸರಿಯಾಗೇ ಇರುತ್ತದೆ.

ಐದು ಕೆಜಿಯಲ್ಲಿ ಪುಡಿಗಳನ್ನು ಮಾತ್ರ ತುಂಬಿಸು. ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿ, ಚಟ್ನಿ ಪುಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ. ನಿಮ್ಮ ಮನೆಯ ಹುಳಿ ಪುಡಿಯ ರುಚಿ ಯಾವ ಅಂಗಡಿಯಲ್ಲೂ ಸಿಗಲ್ಲ, ಬೇಳೆ ಎಲ್ಲಿದ್ದರೂ ಬೇಳೆಯೇ.


ಒಗ್ಗರಣೆ ಅಕ್ಕ:

ಮಾವ ಹೇಳಿದ್ದು ಸರಿ. ನಾನು ಇರುವುದು ಲೈಪ್ಸಿಗ್‌ನಲ್ಲಿ, ನಿಮಗೆ ಹತ್ತಿರವೇ. ಕೆಮ್ನಿಟ್ಸ್‌ನಿಂದ ನೇರ ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆಯಲ್ಲ, ಅದಿದ್ದರೆ ಬೇರೆ ದುಡ್ಡೂ ಬೇಡ, ಆ ಪ್ರಾದೇಶಿಕ ರೈಲು ಅದರಲ್ಲೇ ಬರುತ್ತದೆ. ತಿಂಗಳಿಗೊಂದು ಶನಿವಾರ ದೊಡ್ಡ ಬ್ಯಾಗ್ ಹಾಕಿಕೊಂಡು ಬನ್ನಿ, ಐಸನ್‌ಬಾನ್‌ಶ್ಟ್ರಾಸೆ ಅಂತ ಬೀದಿ ಇದೆ, ಅರಬ್ಬರದು, ಟರ್ಕಿಯವರದು, ಏಷ್ಯಾದವರದು ಅಂಗಡಿ ಸಾಲಾಗಿವೆ. ಭಾನುವಾರ ಬರಬೇಡಿ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ.

ಆದರೆ ಅದಕ್ಕೆ ಮುಂಚೆ ನಿಮ್ಮ ಪಕ್ಕದ ಕೆಮ್ನಿಟ್ಸ್‌ನಲ್ಲೇ ಏಷ್ಯಾ ಅಂಗಡಿ ಹುಡುಕಿ. ಪೂರ್ವ ಜರ್ಮನಿಗೆ ಎಂಬತ್ತರ ದಶಕದಲ್ಲಿ ವಿಯೆಟ್ನಾಂನಿಂದ ಸಾವಿರಾರು ಜನ ಕಾರ್ಖಾನೆ ಕೆಲಸಕ್ಕೆ ಬಂದರು, ಬರ್ಲಿನ್ ಗೋಡೆ ಬಿದ್ದ ಮೇಲೆ ಕೆಲಸ ಹೋಯಿತು, ಇಲ್ಲೇ ಉಳಿದವರು ಎಷ್ಟೋ ಜನ ಅಂಗಡಿ ಇಟ್ಟರು. ಅದಕ್ಕೇ ಈ ಕಡೆ ಊರುಗಳಲ್ಲಿ ಇಂಡಿಯನ್ ಅಂಗಡಿ ಇಲ್ಲದಿದ್ದರೂ ವಿಯೆಟ್ನಾಮಿಗಳ ಅಂಗಡಿ ಇರುತ್ತದೆ. ನಮ್ಮವರು ಮೀನಿನ ವಾಸನೆಗೆ ಹೆದರಿ ಒಳಗೆ ಹೋಗಲ್ಲ. ಹೋಗಿ ಸ್ವಾಮಿ, ಮೂಗು ಮುಚ್ಚಿಕೊಂಡಾದರೂ ಹೋಗಿ. ಅವರೂ ಅಕ್ಕಿ, ತೆಂಗು, ಬೇಳೆ ತಿನ್ನುವವರು. ಸಿಪ್ಪೆ ತೆಗೆದು ಒಡೆದ ಹೆಸರುಬೇಳೆ ಅವರಿಗೆ ಸಿಹಿಗೂ ಬೇಕು, ಅನ್ನಕ್ಕೂ ಬೇಕು, ನಮ್ಮ ಪೊಂಗಲ್ಲಿಗೆ ಹಾಕುವ ಬೇಳೆಯೇ ಅದು, ಬಣ್ಣವೂ ಅದೇ. ಬೀಜ ತೆಗೆದು ಒತ್ತಿದ ಹುಣಸೆಹಣ್ಣಿನ ಇಟ್ಟಿಗೆ, ತೆಂಗಿನ ಹಾಲು, ಅಕ್ಕಿ ಹಿಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲ ಇರುತ್ತದೆ. ಫ್ರೀಜರ್ ಬಾಗಿಲು ತೆಗೆದು ಕೆಳಗಿನ ಸಾಲು ನೋಡಿ, ತುರಿದ ತೆಂಗಿನಕಾಯಿ ಪೊಟ್ಟಣ ಇರಬಹುದು, ಕೆಲವು ಕಡೆ ಬಾಳೆ ಎಲೆ ಕೂಡ ಇಟ್ಟಿರುತ್ತಾರೆ. ಹಬ್ಬದ ದಿನ ಇಡೀ ಎಲೆ ಹಾಸಿ ಫೋಟೋ ತೆಗೆದು ಅಮ್ಮನಿಗೆ ಕಳಿಸಿ.

ಟರ್ಕಿ ಅಂಗಡಿಯಲ್ಲಿ ಬೆಂಡೆಕಾಯಿ, ಪುದೀನ, ಸಣ್ಣ ಬದನೆಕಾಯಿ, ಕಟ್ಟು ಕಟ್ಟು ಕೊತ್ತಂಬರಿ. ಸೂಪರ್ ಮಾರ್ಕೆಟ್‌ನಲ್ಲಿ ಕೊತ್ತಂಬರಿ ಅಂದ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಕಡ್ಡಿ, ಇಲ್ಲಿ ಕೈತುಂಬ ಒಂದು ಕಟ್ಟು. ಲೆಬ್ಲೆಬಿ ಅಂತ ಹುರಿದ ಕಡಲೆ ಮಾರುತ್ತಾರೆ, ಉಪ್ಪು ಹಾಕದ ಹಳದಿ ಬಣ್ಣದ್ದು ತಗೊಳ್ಳಿ, ಹುರಿಗಡಲೆಗೆ ಬಹಳ ಹತ್ತಿರ, ಚಟ್ನಿಗೆ ಧಾರಾಳವಾಗಿ ಆಗುತ್ತದೆ. ಅವರ ಶೆಹ್ರಿಯೆ ಅಂತ ಇರುವುದರಲ್ಲಿ ಎಳೆಎಳೆಯಾದದ್ದು ಶಾವಿಗೆಯೇ, ಉಪ್ಪಿಟ್ಟಿಗೂ ಪಾಯಸಕ್ಕೂ ನಡೆಯುತ್ತದೆ. ಹೀಗೆ ಅಮ್ಮನ ಪಟ್ಟಿಯಿಂದ ಇನ್ನೂ ನಾಲ್ಕು ಹೊಡೆದುಹಾಕಿ.

ಇನ್ನು ಜರ್ಮನ್ ಅಂಗಡಿಯನ್ನು ಕೀಳಾಗಿ ನೋಡಬೇಡಿ. ಮಸೂರ್ ಬೇಳೆ ಪ್ರತಿ ಊರಲ್ಲೂ ಇದೆ, ರೋಟೆ ಲಿನ್ಸನ್ ಅಂತ ಬರೆದಿರುತ್ತದೆ. ಸೋಪು ಶಾಂಪೂ ಮಾರುವ ಡಿಎಂ ಅಂಗಡಿಯಲ್ಲೂ ಬೇಳೆ, ಕಡಲೆಕಾಳು, ಸಿರಿಧಾನ್ಯ ಸಿಗುತ್ತದೆ, ಮೊದಲ ಸಲ ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ರವೆ ಬೇಕಾದರೆ ಗ್ರೀಸ್ ಅಂತ ನೋಡಿ. ವೈಶ್‌ವೈಟ್ಸನ್ ಅಂತ ಇರುವುದು ಸಣ್ಣ ರವೆ, ಮೆತ್ತಗಾಗುತ್ತದೆ, ಕೇಸರಿಬಾತಿಗೆ ಸರಿ. ಹಾರ್ಟ್‌ವೈಟ್ಸನ್ ಅಂದರೆ ಗಟ್ಟಿ ಗೋಧಿಯದ್ದು, ಉಪ್ಪಿಟ್ಟು ಉದುರುದುರಾಗಿ ಬರುತ್ತದೆ. ಎರಡನ್ನೂ ಹುರಿದೇ ಹಾಕಿ. ತೊಗರಿಬೇಳೆ ಸಿಗದ ವಾರ ಸಿಪ್ಪೆ ತೆಗೆದ ಹಳದಿ ಬಟಾಣಿ ಬೇಳೆಯಲ್ಲಿ ಹುಳಿ ಮಾಡಿ, ಹುಳಿ ಪುಡಿ ಚೆನ್ನಾಗಿದ್ದರೆ ಯಾರಿಗೂ ಗೊತ್ತಾಗಲ್ಲ. ಬೆಲುಗಾ ಅಂತ ಕಪ್ಪು ಬೇಳೆ ನೋಡಿ ಉದ್ದು ಅಂದುಕೊಂಡು ದೋಸೆಗೆ ನೆನೆಹಾಕಬೇಡಿ. ಅದು ಲಿನ್ಸನ್, ಅಂದರೆ ಮಸೂರ್ ಜಾತಿಯದ್ದು, ಉದ್ದಿನ ಅಂಟು ಅದಕ್ಕಿಲ್ಲ, ಉಬ್ಬೋದೂ ಇಲ್ಲ.


ಪೊಟ್ಟಣ ಪುರಾಣಿಕ:

ತರಕಾರಿ ಬೇಳೆಯ ವಿಷಯ ಅಕ್ಕ ಹೇಳಿಯಾಯಿತು. ನಾನು ಲೇಬಲ್ ಬಗ್ಗೆ ಮಾತ್ರ ಬರೆಯುತ್ತೇನೆ, ನೀವು ಮೊಟ್ಟೆ ತಿನ್ನಲ್ಲ ಅಂದಿದ್ದಕ್ಕೆ.

ಇಲ್ಲಿ ಸಸ್ಯಾಹಾರಿ ಅಂದರೆ ಮೊಟ್ಟೆ ಸೇರಿದ ಲೆಕ್ಕ. ಹಸಿರು ಎಲೆಯ ವಿ-ಲೇಬಲ್ ಕಂಡ ಕೂಡಲೇ ಬುಟ್ಟಿಗೆ ಹಾಕಬೇಡಿ, ಅದರ ಕೆಳಗೆ ವೆಜಿಟಾರಿಶ್ ಅಂತ ಇದೆಯೋ ವೀಗನ್ (ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಅಂತ ಇದೆಯೋ ನೋಡಿ. ನಮ್ಮಂಥವರಿಗೆ ಸುಲಭದ ದಾರಿ ಏನಂದ್ರೆ, ಬಿಸ್ಕತ್ತು, ಬ್ರೆಡ್ ಮೇಲೆ ಹಚ್ಚುವ ಪದಾರ್ಥ, ರೆಡಿ ಸೂಪು ಇಂಥವನ್ನು ವೀಗನ್ ಗುರುತು ನೋಡಿ ತಗೊಳ್ಳೋದು, ಹಾಲು ಮೊಸರು ಬೆಣ್ಣೆ ಬೇರೆಯಾಗಿ ಕೊಳ್ಳೋದು. ತಲೆನೋವು ಮುಕ್ಕಾಲು ಭಾಗ ಕಡಿಮೆ.

ಗುರುತು ಇಲ್ಲದ ಪೊಟ್ಟಣಕ್ಕೂ ಉಪಾಯ ಇದೆ. ಯುರೋಪಿನಲ್ಲಿ 2014ರ ಡಿಸೆಂಬರ್‌ನಿಂದ ಅಲರ್ಜಿ ತರುವ 14 ಪದಾರ್ಥಗಳನ್ನು ಸಾಮಾಗ್ರಿ ಪಟ್ಟಿಯಲ್ಲಿ ಎದ್ದು ಕಾಣುವ ಹಾಗೆ ಅಚ್ಚು ಹಾಕಲೇಬೇಕು, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಮೊಟ್ಟೆ, ಮೀನು, ಸೀಗಡಿ ಎಲ್ಲ ಆ ಹದಿನಾಲ್ಕರಲ್ಲಿವೆ. ಇಡೀ ಪಟ್ಟಿ ಓದುವ ಕೆಲಸ ಇಲ್ಲ, ದಪ್ಪ ಅಕ್ಷರ ಮಾತ್ರ ನೋಡುತ್ತಾ ಹೋಗಿ. ಐ, ಐಯರ್, ಐಗೆಲ್ಬ್, ಫೋಲ್‌ಐ ಇವೆಲ್ಲ ಮೊಟ್ಟೆ. ಇಟಲಿಯ ಒಣ ಪಾಸ್ತಾ ಹೆಚ್ಚಿನದು ಬರೀ ಗೋಧಿ, ಆದರೆ ಜರ್ಮನ್ ಷ್ಪೆಟ್ಸ್‌ಲೆ, ಸೂಪಿನ ಸಣ್ಣ ನೂಡಲ್ಸ್ ಇವುಗಳಲ್ಲಿ ಮೊಟ್ಟೆ ಇರುತ್ತದೆ. ಥಾಯ್ ಕರಿ ಪೇಸ್ಟ್ ಹಸಿರಾಗಿದ್ದರೂ ಒಳಗೆ ಸೀಗಡಿ ಇರಬಹುದು.

ತೊಂದರೆ ಇರುವುದು ಅಲರ್ಜಿ ಪಟ್ಟಿಗೆ ಬಾರದ ಸಾಮಾನುಗಳಲ್ಲಿ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಗೆಲಾಟೀನ್ ದಪ್ಪ ಅಕ್ಷರದಲ್ಲಿ ಬರಲ್ಲ, ನೀವೇ ಹುಡುಕಬೇಕು. ಜೆಲ್ಲಿ ಮಿಠಾಯಿಯಲ್ಲಿ ಇರುವುದು ಎಲ್ಲರಿಗೂ ಗೊತ್ತು, ಕೆಲವು ಹಣ್ಣಿನ ಮೊಸರು, ಡೆಸರ್ಟ್ ಕಪ್‌ನಲ್ಲೂ ಇರುತ್ತದೆ. ಕೆಂಪು ಬಣ್ಣಕ್ಕೆ ಇ 120 ಅಂತ ಇದ್ದರೆ ಅದು ಹುಳದಿಂದ ತೆಗೆದ ಬಣ್ಣ. ತಿಳಿಯಾದ ಸೇಬಿನ ರಸವನ್ನು ಗೆಲಾಟೀನ್ ಹಾಕಿ ತಿಳಿಗೊಳಿಸಿರಬಹುದು, ರಸದಲ್ಲಿ ಅದು ಉಳಿಯಲ್ಲ ಅಂತ ಲೇಬಲ್ಲಿನಲ್ಲಿ ಬರೆಯಲ್ಲ. ಮೋಡ ಕವಿದ ಹಾಗೆ ಕಾಣುವ ನಟೂರ್‌ಟ್ರೂಬ್ ರಸ ತಗೊಂಡರೆ ಆ ಪ್ರಶ್ನೆಯೇ ಬರಲ್ಲ.

ಚೀಸ್ ವಿಷಯಕ್ಕೆ ಬಂದರೆ, ಹಾಲು ಒಡೆಯೋಕೆ ಹಾಕುವ ಲಾಬ್ ಕರುವಿನ ಹೊಟ್ಟೆಯಿಂದ ಬಂದದ್ದೂ ಇರುತ್ತದೆ, ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಇರುತ್ತದೆ. ಮಿಕ್ರೋಬಿಯೆಲ್ಲೆಸ್ ಲಾಬ್ ಅಂತ ಬರೆದಿದ್ದರೆ ತಿನ್ನಬಹುದು. ಪಾರ್ಮಿಜಾನೋ ರೆಜ್ಜಾನೋ ಯಾವ ಕಂಪನಿಯದ್ದಾದರೂ ಕರುವಿನ ಲಾಬ್‌ನಿಂದಲೇ ಮಾಡಬೇಕು ಅಂತ ನಿಯಮ, ಹಾಗಾಗಿ ಅದರ ಲೇಬಲ್ ಓದೋದೂ ದಂಡ. ನಾನು ಚೀಸ್ ಗೊಡವೆಗೆ ಹೋಗಲ್ಲ, ಪನೀರ್ ಮನೆಯಲ್ಲೇ ಒಡೆಸುತ್ತೇನೆ. ಅದಕ್ಕೆ ಫ್ರಿಜ್ಜಿನ ಸಾಲಿನಲ್ಲಿರುವ ತಾಜಾ ಹಾಲು ತಗೊಳ್ಳಿ. ಹೊರಗೆ ಇಟ್ಟಿರುವ, ತಿಂಗಳುಗಟ್ಟಲೆ ಕೆಡದ ಹಾಲಿನಲ್ಲಿ ಗಟ್ಟಿ ಪನೀರ್ ಕೂರಲ್ಲ, ಪುಡಿಪುಡಿ.

ಮೊಸರು ಸಪ್ಪೆ ಅಂತ ಎಲ್ಲರೂ ಗೊಣಗುತ್ತಾರೆ. ಡಬ್ಬದ ಮೇಲೆ ಮಿಲ್ಡ್ ಅಂತ ಇರುವುದನ್ನು ಬಿಡಿ, ಅದರ ಹೆಪ್ಪೇ ಬೇರೆ, ಹುಳಿ ಕಡಿಮೆ. ಸುಮ್ನೆ ಯೋಗರ್ಟ್ ಅಂತ ಇರುವ 3.5 ಪರ್ಸೆಂಟ್ ಕೊಬ್ಬಿನದ್ದು ತಂದು ಹೆಪ್ಪು ಹಾಕಿ, ನಮ್ಮ ಹುಳಿ ಮೊಸರು ಬರುತ್ತದೆ.


ದಾವಣಗೆರೆ ದೋಸೆ:

ಎಲ್ಲ ಸರಿ, ಅಕ್ಕಿ ವಿಷಯ ಯಾರೂ ಎತ್ತಲಿಲ್ಲವಲ್ಲ! ಸೋನಾ ಮಸೂರಿ ಲಗೇಜಿನಲ್ಲಿ ತರೋದು ಹುಚ್ಚುತನ. ಆನ್‌ಲೈನ್‌ನಲ್ಲಿ ತರಿಸಿ. ದೂಕಾನ್, ಜಮೂನಾ ಅಂತ ಇವೆ, ತೊಗರಿಬೇಳೆ, ಉದ್ದಿನಬೇಳೆ, ಅವಲಕ್ಕಿ, ರಾಗಿ ಹಿಟ್ಟು ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ. ಡೆಲಿವರಿ ದುಡ್ಡು ಉಳಿಸೋಕೆ ಹಾಸ್ಟೆಲ್‌ನ ನಾಲ್ಕೈದು ಇಂಡಿಯನ್ ಹುಡುಗರು ಸೇರಿ ಒಂದೇ ಆರ್ಡರ್ ಹಾಕಿ. ತೆಲುಗು ಹುಡುಗರು ಖಂಡಿತ ಇರುತ್ತಾರೆ, ಅವರಿಗೂ ಅದೇ ಅಕ್ಕಿ ಬೇಕು.


ಒಗ್ಗರಣೆ ಅಕ್ಕ:

ಅಕ್ಕಿಗೆ ಅಷ್ಟೆಲ್ಲ ಯಾಕೆ? ಮೊಸರನ್ನಕ್ಕೆ ಮಿಲ್ಶ್‌ರೈಸ್ ತಗೊಳ್ಳಲಿ, ಎಲ್ಲ ಅಂಗಡಿಯಲ್ಲೂ ಇದೆ, ಅಗ್ಗ. ಗುಂಡಕ್ಕಿ, ಮೆತ್ತಗೆ ಬೇಯುತ್ತದೆ. ಇಡ್ಲಿಗೆ ಪಾರ್‌ಬಾಯಿಲ್ಡ್ ಅಂತ ಇರುವ ಅಕ್ಕಿ, ಅದು ಕುಸುಬಲಕ್ಕಿಯೇ ತಾನೇ.


ದಾವಣಗೆರೆ ದೋಸೆ:

ಮೊಸರನ್ನಕ್ಕೆ ಒಪ್ಪಿದೆ ಅಕ್ಕ. ಸಾರಿಗೆ ಆ ಮುದ್ದೆ ಅನ್ನ ಹಾಕಿಕೊಂಡು ಯಾರು ಉಣ್ಣುತ್ತಾರೆ! ಚಿತ್ರಾನ್ನ ಅಂತೂ ಕೇಳಲೇಬೇಡಿ. ದಿನಾ ತಿನ್ನೋದು ಅನ್ನ, ಅದರಲ್ಲಿ ರಾಜಿ ಆಗಬಾರದು. ಬೇರೆ ಎಲ್ಲದರಲ್ಲಿ ಉಳಿಸಲಿ. ಇಡ್ಲಿ ಅಕ್ಕಿ ಬಗ್ಗೆ ನಾನು ಜಗಳ ಆಡಲ್ಲ, ನಮ್ಮ ಕಡೆ ಬೆಣ್ಣೆ ದೋಸೆ ಮುಖ್ಯ.

ತಮ್ಮಾ, ಇನ್ನೊಂದು. ಜೀರಿಗೆ ಕೊಳ್ಳುವಾಗ ಹುಷಾರು. ಕ್ರೋಯ್ಟ್ಸ್‌ಕ್ಯುಮೆಲ್ ನಮ್ಮ ಜೀರಿಗೆ. ಬರೀ ಕ್ಯುಮೆಲ್ ಅಂತ ಇರುವುದು ನೋಡೋಕೆ ಹಾಗೇ ಇರುತ್ತದೆ, ಇಲ್ಲಿಯವರು ಎಲೆಕೋಸಿಗೆ ಹಾಕುವುದು, ಸಾರಿಗೆ ಹಾಕಿದರೆ ಸಾರು ಹೋಯಿತು. ಮತ್ತೆ ಸಾಸಿವೆ ಅಂದರೆ ಇಲ್ಲಿ ಹಳದಿ, ದಪ್ಪ. ಕಪ್ಪು ಸಣ್ಣ ಸಾಸಿವೆ ಬೇಕಿದ್ದರೆ ಇಂಡಿಯನ್ ಅಂಗಡಿಗೇ ಹೋಗಬೇಕು, ಇಲ್ಲ ಕಾಲು ಕೆಜಿ ಆ ಆನ್‌ಲೈನ್ ಪೆಟ್ಟಿಗೆಗೆ ಸೇರಿಸು.


ತಿಳಿಸಾರು:

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಗಸಗಸೆ ವಿಷಯ ಕೇಳಿ ಗಾಬರಿ ಆಗಿ ಗೆಳೆಯನ ಅಮ್ಮನಿಗೂ ಫೋನ್ ಮಾಡಿದ್ದಾರೆ. ಕೆಮ್ನಿಟ್ಸ್‌ನ ಏಷ್ಯಾ ಅಂಗಡಿಗೆ ಹೋಗಿದ್ದೆ, ಹೆಸರುಬೇಳೆ ಸಿಕ್ಕಿತು, ತುರಿದ ಕಾಯಿ ಸಿಕ್ಕಿತು, ಅಂಗಡಿಯ ಅಜ್ಜಿ ಹುಣಸೆಹಣ್ಣು ತೋರಿಸಿ ತಾನೇ ಎರಡು ಪೊಟ್ಟಣ ಬುಟ್ಟಿಗೆ ಹಾಕಿದರು. ಮೂರು ಸಣ್ಣ ಪ್ರಶ್ನೆ ಉಳಿದಿವೆ. ಕರಿಬೇವಿಗೆ ಏನು ಮಾಡೋದು, ಅದಿಲ್ಲದೆ ಒಗ್ಗರಣೆ ಒಗ್ಗರಣೆ ಅನಿಸಲ್ಲ. ಎರಡನೇದು, ನಮ್ಮದು ಐದು ಜನರ ಅಡುಗೆಮನೆ, ಅವರ ಬಾಣಲೆಯಲ್ಲಿ ಬೇಕನ್ ಹುರಿಯುತ್ತಾರೆ, ಹೇಗೆ ನಿಭಾಯಿಸೋದು? ಮೂರನೇದು, ಅಮ್ಮ ಅಂಚೆಯಲ್ಲಿ ಪಾರ್ಸೆಲ್ ಕಳಿಸಬಹುದಾ?


ಡಾರ್ಟ್ಮುಂಡ್ ನಿವಾಸಿ:

ಕರಿಬೇವಿಗೆ ನಾನು ಉತ್ತರ ಕೊಡುತ್ತೇನೆ, ಆ ವಿಷಯದಲ್ಲಿ ನಮ್ಮ ಕಡೆ ಭಾಗ್ಯವಂತರು. ಶ್ರೀಲಂಕಾದ ತಮಿಳರು ಎಂಬತ್ತರ ದಶಕದಿಂದ ಇಲ್ಲಿ ನೆಲೆಸಿದ್ದಾರೆ. ಪಕ್ಕದ ಹಾಮ್ ಊರಿನಲ್ಲಿ ಅವರದೇ ಕಾಮಾಕ್ಷಿ ಅಮ್ಮನ ದೇವಸ್ಥಾನ ಇದೆ, 2002ರಲ್ಲಿ ಕುಂಭಾಭಿಷೇಕ ಆದದ್ದು, ಗೋಪುರ ಎಲ್ಲ ಇದೆ, ರಥೋತ್ಸವಕ್ಕೆ ಸಾವಿರಾರು ಜನ ಸೇರುತ್ತಾರೆ. ಅವರ ಅಂಗಡಿಗಳಲ್ಲಿ ಹಸಿ ಕರಿಬೇವು, ನುಗ್ಗೆಕಾಯಿ, ಬಾಳೆಕಾಯಿ ಬರುತ್ತದೆ. ನೀವು ಎಲ್ಲಿಗೆ ಪ್ರವಾಸ ಹೋದರೂ ಆ ಊರಲ್ಲಿ ತಮಿಳರ ಅಂಗಡಿ ಇದೆಯಾ ಅಂತ ಮೊದಲು ನೋಡಿ, ಪಂಜಾಬಿ ಅಂಗಡಿಗಿಂತ ಇದು ನಮಗೆ ಹತ್ತಿರ.

ಹಸಿ ಕರಿಬೇವು ದುಬಾರಿ ಯಾಕೆ ಅಂದರೆ, ಭಾರತದಿಂದ ಬರುವ ಎಲೆಗೆ ಯುರೋಪಿನ ಗಡಿಯಲ್ಲಿ ಕೀಟನಾಶಕದ ತಪಾಸಣೆ ಬಿಗಿಯಾಗಿದೆ. ಒಮ್ಮೊಮ್ಮೆ ವಾರಗಟ್ಟಲೆ ಸಿಗಲ್ಲ. ಸಿಕ್ಕಿದಾಗ ಜಾಸ್ತಿ ತಗೊಳ್ಳಿ. ತೊಳೆದು, ಬಟ್ಟೆ ಮೇಲೆ ಹರಡಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ. ಕೆಳಗಿನ ಫ್ರಿಜ್‌ನಲ್ಲಿ ಅಲ್ಲ, ಅಲ್ಲಿ ಕಪ್ಪಾಗುತ್ತದೆ. ಬೇಕಾದಾಗ ಹೊರಗೆ ಇಟ್ಟು ಕರಗಿಸೋಕೆ ಹೋಗಬೇಡಿ, ಕಲ್ಲಿನಂತಿರುವಾಗಲೇ ಕಾದ ಎಣ್ಣೆಗೆ ಹಾಕಿ, ಮುಖ ಮಾತ್ರ ಹಿಂದಕ್ಕೆ. ಚಟಪಟ ಸಿಡಿಯುತ್ತದೆ, ಘಮ ಹಾಗೇ ಬರುತ್ತದೆ. ಒಣಗಿಸಿದ ಕರಿಬೇವು ಪೊಟ್ಟಣದಲ್ಲಿ ಮಾರುತ್ತಾರೆ, ಅದಕ್ಕೆ ದುಡ್ಡು ಹಾಕಬೇಡಿ. ಹುಲ್ಲು.

ಗಿಡ ಬೆಳೆಸುವ ಆಸೆ ಇದ್ದರೆ ಯುರೋಪಿನ ಒಳಗಿನ ನರ್ಸರಿಯಿಂದ ಆನ್‌ಲೈನ್ ತರಿಸಬಹುದು. ಮುರ್ರಾಯಾ ಕೊಯೆನಿಗಿ ಅಂತ ಲ್ಯಾಟಿನ್ ಹೆಸರು ನೋಡಿಯೇ ತಗೊಳ್ಳಿ. ಇಲ್ಲಿಯ ಗಾರ್ಡನ್ ಅಂಗಡಿಗಳಲ್ಲಿ ಕರಿಕ್ರೌಟ್ ಅಂತ ಬೆಳ್ಳಿ ಬಣ್ಣದ ಸಣ್ಣ ಎಲೆಯ ಗಿಡ ಇಟ್ಟಿರುತ್ತಾರೆ, ಮುಟ್ಟಿದರೆ ಮಸಾಲೆ ವಾಸನೆ ಬರುತ್ತದೆ, ಅದು ಬೇರೆಯೇ ಗಿಡ. ನಿಜವಾದ ಗಿಡಕ್ಕೆ ದಕ್ಷಿಣದ ಕಿಟಕಿ ಬೇಕು, ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಸತ್ತಿತು ಅಂತ ಎಸೆಯಬೇಡಿ, ನೀರು ಕಡಿಮೆ ಮಾಡಿ ಬಿಡಿ, ಬೇಸಿಗೆಗೆ ಚಿಗುರುತ್ತದೆ.


ಫ್ರಾಂಕ್‌ಫರ್ಟ್ ಮಾವ:

ಅಡುಗೆಮನೆ ವಿಷಯ ನಾನು ಹೇಳುತ್ತೇನೆ. ಒಂದು ಬಾಣಲೆ, ಒಂದು ಪಾತ್ರೆ, ಒಂದು ಸೌಟು, ಒಂದು ಚಾಕು ನಿನ್ನದೇ ಕೊಂಡು ರೂಮಿನಲ್ಲಿಟ್ಟುಕೋ. ಅಡುಗೆ ಆದ ಮೇಲೆ ತೊಳೆದು ರೂಮಿಗೆ ವಾಪಸ್. ಅಡುಗೆಮನೆಯಲ್ಲಿ ಬಿಟ್ಟರೆ ನಾಳೆ ಅದರಲ್ಲಿ ಸಾಸೇಜ್ ಇರುತ್ತದೆ, ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ, ಅವರಿಗೆ ಅದು ಬರೀ ಬಾಣಲೆ. ಮೊದಲೇ ಒಂದು ಸಲ ನಗುನಗುತ್ತಾ ಹೇಳಿಬಿಡು, ನಾನು ಮಾಂಸ ಮುಟ್ಟಲ್ಲ, ಅದಕ್ಕೇ ಪಾತ್ರೆ ಬೇರೆ ಅಂತ. ಇಲ್ಲಿ ಸಸ್ಯಾಹಾರಿಗಳು ಬೇಕಾದಷ್ಟು ಇದ್ದಾರೆ, ಯಾರೂ ಬೇಸರ ಮಾಡಿಕೊಳ್ಳಲ್ಲ.

ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆ, ಕಾರಿಡಾರ್ ಬಾಗಿಲು ಮುಚ್ಚು. ಕಾರಿಡಾರ್‌ನಲ್ಲಿ ಹೊಗೆ ಅಲಾರಂ ಕಡ್ಡಾಯ, ಒಣಮೆಣಸಿನಕಾಯಿ ಘಾಟು ಅಲ್ಲಿಗೆ ತಲುಪಿದರೆ ಇಡೀ ಹಾಸ್ಟೆಲ್ ಅಂಗಳದಲ್ಲಿ ನಿಂತಿರುತ್ತದೆ. ದೋಸೆ ಹಿಟ್ಟು ಹುದುಗೋಕೆ ಓವನ್ ಒಳಗಿನ ದೀಪ ಮಾತ್ರ ಹಾಕಿ ಇಡು, ಬಿಸಿ ಹಾಕಬೇಡ. ಓವನ್ ಮೇಲೆ ಚೀಟಿ ಅಂಟಿಸು, ಇಲ್ಲದಿದ್ದರೆ ಯಾರಾದರೂ ಪಿಜ್ಜಾ ಮಾಡೋಕೆ 220 ಡಿಗ್ರಿ ಹಚ್ಚಿಬಿಡುತ್ತಾರೆ.

ಮಿಕ್ಸಿ ಬೇಕು ಅನಿಸಿದರೆ ಊರಿನದ್ದೇ ನಡೆಯುತ್ತದೆ, ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಆದರೆ ಐದು ಕೆಜಿಯಲ್ಲಿ ಅದನ್ನು ತುರುಕಬೇಡ, ಪುಡಿಗಳಿಗೆ ಜಾಗ ಇರಲ್ಲ.


ಪೊಟ್ಟಣ ಪುರಾಣಿಕ:

ಪಾರ್ಸೆಲ್ ಕಳಿಸಬಹುದು. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆ 45 ಯೂರೋ ಮೌಲ್ಯದ ಒಳಗಿದ್ದರೆ ಸುಂಕವೂ ಇಲ್ಲ, ಆಮದು ತೆರಿಗೆಯೂ ಇಲ್ಲ. ಅದರ ಮೇಲೆ ಹೋದರೆ ಕಟ್ಟಬೇಕು. ಲಗೇಜಿಗೆ ಇರುವ ನಿಷೇಧ ಅಂಚೆಗೂ ಇದೆ, ತುಪ್ಪ, ಹಸಿ ಸೊಪ್ಪು, ಬಿತ್ತನೆ ಬೀಜ ಹಾಕಬಾರದು.

ಮುಖ್ಯವಾದದ್ದು ಮೇಲಿನ ಫಾರಂ. ಬರೀ ತಿಂಡಿ, ಮನೆ ಸಾಮಾನು ಅಂತ ಬರೆದರೆ ಕಸ್ಟಮ್ಸ್ ನಿಲ್ಲಿಸುತ್ತದೆ, ನಿಮಗೆ ಚೀಟಿ ಬರುತ್ತದೆ, ನೀವು ಕಸ್ಟಮ್ಸ್ ಕಚೇರಿಗೆ ಹೋಗಿ ಅವರ ಎದುರಿಗೇ ಪೆಟ್ಟಿಗೆ ಬಿಚ್ಚಬೇಕು. ಸಾರಿನ ಪುಡಿ 500 ಗ್ರಾಂ, ಕಡಲೆಬೇಳೆ ಚಟ್ನಿ ಪುಡಿ 500 ಗ್ರಾಂ ಅಂತ ಒಂದೊಂದನ್ನೂ ಇಂಗ್ಲಿಷಿನಲ್ಲಿ ಬೆಲೆ ಸಮೇತ ಬರೆಯಲಿ. ಮೌಲ್ಯ ಸೊನ್ನೆ ಅಂತ ಹಾಕಬಾರದು, ಅದನ್ನು ಯಾರೂ ನಂಬಲ್ಲ. ಮನೆಯಲ್ಲಿ ಮಾಡಿದ ಪುಡಿಗೆ ಬಿಲ್ ಇರಲ್ಲ, ಅಂದಾಜು ಬೆಲೆ ಹಾಕಿದರೆ ಸಾಕು. ಉಪ್ಪಿನಕಾಯಿ ಕಳಿಸುವುದಾದರೆ ಗಾಜಿನ ಬಾಟಲಿ ಬೇಡ, ಎಣ್ಣೆ ಸೋರಿದರೆ ಪುಡಿಗಳೂ ಹಾಳು. ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಿನೊಳಗೆ ಬೇರೆಯಾಗಿ ಕಟ್ಟಲಿ.